ಮಾತಾಡದ ಪಿಡಿಪಿ-11: ಕಲಬುರಗಿಯ ಮನೆಯಲ್ಲಿ ಹಳೆಯ ಮಿನಿಕಂಪ್ಯೂಟರ್ ರಿಪೇರಿ

ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ. ಮುಂದಿನ ಪಟ್ಟಿಯಲ್ಲಿ ‘ಡಿಸಿ ಆನ್’ ದೀಪ ಹತ್ತುತ್ತದೆ, ಸ್ವಲ್ಪ ನಡುಗುತ್ತದೆ. ‘ರನ್’ ದೀಪ ಒಮ್ಮೆ ಮಿಣುಕಿ ಆರಿಹೋಗುತ್ತದೆ. ಟರ್ಮಿನಲ್ ಪರದೆ ಖಾಲಿ. ದೂರು ಇಷ್ಟೇ. ಇದನ್ನು ಬಿಡಿಸಲು ನನಗೆ ಫೆಬ್ರವರಿಯಿಂದ ಮೇ ತನಕ ಹಿಡಿಯಿತು. ನಿಮಗೆ ಅಷ್ಟು ಹಿಡಿಯಬಾರದು ಎಂದು ಬರೆಯುತ್ತಿದ್ದೇನೆ.

ಯಂತ್ರ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಪಿಡಿಪಿ-11/23. ಈ ಮಾದರಿ 1979ರದು. 16 ಬಿಟ್, ಲೆಕ್ಕವೆಲ್ಲ ಆಕ್ಟಲ್‌ನಲ್ಲಿ, ಅಂದರೆ 0ರಿಂದ 7ರವರೆಗಿನ ಅಂಕಿಗಳು ಮಾತ್ರ. ಹೈದರಾಬಾದಿನ ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಸಿಕ್ಕಿತು. ನಾನು ಹುಡುಕಿಕೊಂಡು ಹೋಗಿದ್ದು ಇಸಿಐಎಲ್ ಕಂಪನಿಯ ಟಿಡಿಸಿ-316. ಹೈದರಾಬಾದಿನಲ್ಲೇ ತಯಾರಾದ ನಮ್ಮ ದೇಶದ ಮಿನಿಕಂಪ್ಯೂಟರ್ ಅದು. ಸಿಗಲಿಲ್ಲ. ಸಿಕ್ಕಿದ್ದನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದೆ. ತೊಗರಿ ಚೀಲ ಇಡುವ ಹಿಂದಿನ ಕೋಣೆಯಲ್ಲಿ, ಶಹಾಬಾದ ಕಲ್ಲಿನ ನೆಲದ ಮೇಲೆ ಇಳಿಸಿದೆವು. ಟೇಬಲ್ ಮೇಲೆ ಇಡುವ ಆಸೆ ಇತ್ತು, ಟೇಬಲ್‌ಗೆ ಶಕ್ತಿ ಇರಲಿಲ್ಲ.

ಪೆಟ್ಟಿಗೆ ಬಿಎ11-ಎಂ ಎಂಬ ಸಣ್ಣದು. ಮೂಲತಃ ಇದೇ ಸಾಲಿನ ಹಿಂದಿನ ಮಾದರಿ 11/03ಕ್ಕಾಗಿ ಬಂದದ್ದು, ಒಳಗೆ ಯಾರೋ ಆಮೇಲೆ 11/23ರ ಕಾರ್ಡ್ ಕೂರಿಸಿದ್ದಾರೆ. ಒಟ್ಟು ಮೂರೇ ಕಾರ್ಡ್: ಸಿಪಿಯು (ಎಂ8186), ಮೆಮೊರಿ (ಎಂ8044), ನಾಲ್ಕು ಸೀರಿಯಲ್ ಲೈನ್‌ಗಳ ಡಿಎಲ್‌ವಿ11-ಜೆ (ಎಂ8043). ಮೂರೇ ಇರುವುದು ಒಳ್ಳೆಯದೇ. ಕಾರ್ಡ್ ಕಡಿಮೆ ಇದ್ದಷ್ಟು ಅನುಮಾನವೂ ಕಡಿಮೆ.

ಮೊದಲು ಧೂಳು

ಕರೆಂಟ್ ಕೊಡುವ ಮೊದಲು ಎಲ್ಲ ಕಾರ್ಡ್ ಹೊರಗೆ ತೆಗೆಯಿರಿ. ಯಾವುದು ಎಲ್ಲಿತ್ತು, ಯಾವ ಮುಖ ಮೇಲಿತ್ತು ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಕಾರ್ಡ್ ತಲೆಕೆಳಗಾಗಿ ಕೂತರೆ 12 ವೋಲ್ಟ್ ಹೋಗಬಾರದ ಕಡೆ ಹೋಗುತ್ತದೆ. ಆಮೇಲೆ ಈ ಲೇಖನದಿಂದ ಪ್ರಯೋಜನವಿಲ್ಲ.

ನಮ್ಮ ಕಡೆಯ ಧೂಳು ನಿಮಗೆ ಗೊತ್ತೇ ಇದೆ. ಊದಿದರೆ ಹೋಗುವುದಿಲ್ಲ, ಒಳಕ್ಕೆ ಸೇರುತ್ತದೆ. ಮೆತ್ತನೆಯ ಬ್ರಶ್ಶಿನಿಂದ ಎಬ್ಬಿಸಿ, ವ್ಯಾಕ್ಯೂಮ್‌ನಿಂದ ಎಳೆಯಿರಿ. ಕಾರ್ಡಿನ ಚಿನ್ನದ ಬೆರಳುಗಳಿಗೆ (ಸ್ಲಾಟಿನೊಳಗೆ ಹೋಗುವ ಅಂಚಿನ ಪಟ್ಟಿಗಳಿಗೆ) ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿ ಬಟ್ಟೆ ಸಾಕು. ರಬ್ಬರ್ ಹಾಕಿ ಉಜ್ಜಬೇಡಿ, ಚಿನ್ನದ ಲೇಪ ಎದ್ದುಹೋಗುತ್ತದೆ. ತುಂಬಾ ಕೊಳೆ ಇದ್ದ ಕಾರ್ಡನ್ನು ತೊಳೆಯಲೇಬೇಕಾದರೆ ಬೋರ್‌ವೆಲ್ ನೀರು ಬೇಡ. ನಮ್ಮ ನೀರು ಒಣಗಿದ ಮೇಲೆ ಬಿಳಿ ಉಪ್ಪು ಬಿಟ್ಟು ಹೋಗುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತನ್ನಿ, ತೊಳೆದು ನೆರಳಲ್ಲಿ ಎರಡು ದಿನ ಒಣಗಿಸಿ. ನನ್ನ ಬ್ಯಾಕ್‌ಪ್ಲೇನಿನ (ಕಾರ್ಡ್‌ಗಳೆಲ್ಲ ಕೂರುವ ಹಲಗೆ) ಒಂದು ಸ್ಲಾಟಿನಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು. ಹಲ್ಲುಕಡ್ಡಿಯಿಂದ ತೆಗೆಯಲು ಒಂದು ಇಡೀ ಸಂಜೆ ಹೋಯಿತು.

ಪವರ್ ಸಪ್ಲೈ

ಹಿಂದಿನ ಚೀಟಿ ಓದಿ. 115 ವೋಲ್ಟ್ ಎಂದಿದ್ದರೆ ನಮ್ಮ ಗೋಡೆಗೆ ನೇರ ಚುಚ್ಚಬಾರದು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ನನ್ನದು 230.

ನಾನು ಮೂವತ್ತು ವರ್ಷ ಟಿವಿ ರಿಪೇರಿ ಮಾಡಿದವನು. ನಮ್ಮ ಕಸುಬಿನ ಹಳೆಯ ಉಪಾಯ ಇಲ್ಲೂ ನಡೆಯುತ್ತದೆ: ಸೀರೀಸ್ ಬಲ್ಬ್. 100 ವ್ಯಾಟಿನ ಹಳೆಯ ಬಲ್ಬನ್ನು ಕರೆಂಟಿನ ದಾರಿಯಲ್ಲಿ ಸೇರಿಸಿ ಆನ್ ಮಾಡಿ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆಫ್ ಮಾಡಿ. ಕಾರ್ಡ್ ಹಾಕಿದ ಮೇಲೆ ಈ ಬಲ್ಬ್ ಬಿಡಬೇಡಿ. ವೋಲ್ಟೇಜ್ ಬಿದ್ದು ಇಲ್ಲದ ದೋಷ ಕಾಣಿಸುತ್ತದೆ.

ಈ ಸಪ್ಲೈ (ಎಚ್780) ಖಾಲಿ ಓಡಿಸಿ ಅಳೆದರೆ ಸುಳ್ಳು ಹೇಳುತ್ತದೆ, ಅದಕ್ಕೆ ಲೋಡ್ ಬೇಕು. ಆಟೋಮೊಬೈಲ್ ಅಂಗಡಿಯಿಂದ ಎರಡು ಹೆಡ್‌ಲೈಟ್ ಬಲ್ಬ್ ತಂದೆ. 12 ವೋಲ್ಟಿನ 55 ವ್ಯಾಟ್ ಬಲ್ಬನ್ನು 5 ವೋಲ್ಟ್ ಲೈನಿಗೆ ಹಾಕಿದರೆ ಮಂಕಾಗಿ ಉರಿದರೂ ಎರಡು ಮೂರು ಆಂಪಿಯರ್ ಎಳೆಯುತ್ತದೆ. 12 ವೋಲ್ಟ್ ಲೈನಿಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಸಾಕು. ಬಲ್ಬ್ ಸುಡುತ್ತದೆ, ತೊಗರಿ ಚೀಲದಿಂದ ದೂರ ಇಡಿ.

ಮೀಟರ್ 5.02 ತೋರಿಸಿತು. 12ರ ಲೈನ್ 12.1. ಇಲ್ಲೇ ನಾನು ಮೂರು ವಾರ ಕಳೆದುಕೊಂಡೆ. ‘ಸಪ್ಲೈ ಸರಿ ಇದೆ’ ಎಂದು ಚೀಟಿ ಬರೆದು ಸಿಪಿಯು ಕಾರ್ಡಿನ ಮೇಲೆ ಬಿದ್ದೆ. ಮೀಟರ್ ತೋರಿಸುವುದು ಸರಾಸರಿ ಅಷ್ಟೇ, ಅಲ್ವಾ? ಆಸಿಲೋಸ್ಕೋಪ್ ಹಾಕಿ ನೋಡಿದಾಗ ಆ 5 ವೋಲ್ಟ್ ಕೆಳಗೆ 4.6, ಮೇಲೆ 5.3ರ ನಡುವೆ ಗರಗಸದ ಹಲ್ಲಿನ ಹಾಗೆ ಕುಣಿಯುತ್ತಿತ್ತು. ಇರಬೇಕಾದದ್ದು 4.75ರಿಂದ 5.25ರ ಒಳಗೆ. ಡಿಸಿ ಆನ್ ದೀಪ ನಡುಗುತ್ತಿದ್ದುದೂ ಇದಕ್ಕೇ. ಯಂತ್ರ ಮೊದಲ ದಿನವೇ ಹೇಳಿತ್ತು, ನಾನು ಕೇಳಿಸಿಕೊಂಡಿರಲಿಲ್ಲ. ಸ್ಕೋಪ್ ಇಲ್ಲದವರು ಮೀಟರನ್ನು ಎಸಿಗೆ ತಿರುಗಿಸಿ ಅದೇ ಲೈನ್ ಅಳೆಯಿರಿ. ಪಕ್ಕಾ ಅಂಕಿ ಸಿಗದು, ಆದರೆ ವೋಲ್ಟಿನ ಹತ್ತನೇ ಭಾಗಕ್ಕಿಂತ ಜಾಸ್ತಿ ಕಂಡರೆ ಅನುಮಾನ ಪಡಿ.

ಕಾರಣ ಹಳೆಯ ಫಿಲ್ಟರ್ ಕಂಡೆನ್ಸರ್‌ಗಳು. ಬಿಚ್ಚುವ ಮೊದಲು ಅವುಗಳಲ್ಲಿ ಉಳಿದ ಚಾರ್ಜನ್ನು ಬಲ್ಬ್ ಅಥವಾ ದಪ್ಪ ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿಯೇ ಕೈ ಹಾಕಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಎನಿಸುವ ಅಭ್ಯಾಸ ನನಗೂ ಇತ್ತು, ಬಿಟ್ಟಿದ್ದೇನೆ. ಹೊಸದನ್ನು ಹಾಕುವಾಗ 105 ಡಿಗ್ರಿಯದೇ ತನ್ನಿ. ಅಂಗಡಿಯವರು 85ರದ್ದೂ ನಡೆಯುತ್ತದೆ ಎನ್ನುತ್ತಾರೆ. ಮೇ ತಿಂಗಳಲ್ಲಿ ಕೋಣೆಯೇ 40 ದಾಟುವ ಊರಿನಲ್ಲಿ, ಮುಚ್ಚಿದ ಪೆಟ್ಟಿಗೆಯ ಒಳಗೆ ಆ 20 ಡಿಗ್ರಿ ವ್ಯತ್ಯಾಸ ದೊಡ್ಡದು.

ಕಂಡೆನ್ಸರ್ ಬದಲಿಸಿದ ಮೇಲೆ ಗೆರೆ ನೇರವಾಯಿತು. ಆಗ ಬ್ಯಾಕ್‌ಪ್ಲೇನಿನಲ್ಲಿ ಎರಡು ಸಿಗ್ನಲ್ ನೋಡಿ: ಬಿಡಿಸಿಒಕೆ ಮತ್ತು ಬಿಪಿಒಕೆ. ಮೊದಲನೆಯದು ‘ಡಿಸಿ ಸರಿಯಿದೆ’ ಎನ್ನುತ್ತದೆ, ಎರಡನೆಯದು ‘ಗೋಡೆಯ ಕರೆಂಟ್ ಸರಿಯಿದೆ’ ಎನ್ನುತ್ತದೆ. ಎರಡೂ ಮೇಲಿರಬೇಕು, 3 ವೋಲ್ಟಿನ ಆಸುಪಾಸು. ಒಂದು ಕೆಳಗಿದ್ದರೂ ಸಿಪಿಯು ಏಳುವುದಿಲ್ಲ. ಬಿಪಿಒಕೆ ಹೆಸರು ನೆನಪಿಡಿ, ಮತ್ತೆ ಬರುತ್ತದೆ.

ಎರಡೇ ಕಾರ್ಡ್

ಈಗ ಸಿಪಿಯು ಮತ್ತು ಸೀರಿಯಲ್ ಕಾರ್ಡ್ ಮಾತ್ರ ಹಾಕಿ. ಮೆಮೊರಿ ಬೇಡ. ಈ ಸಿಪಿಯುನ ಮೈಕ್ರೋಕೋಡಿನಲ್ಲೇ ಒಡಿಟಿ ಎಂಬ ಪುಟ್ಟ ಮಾನಿಟರ್ ಇದೆ, ಅದಕ್ಕೆ ಮೆಮೊರಿಯ ಹಂಗಿಲ್ಲ. ಮುಂದಿನ ಸ್ವಿಚ್‌ಗಳಲ್ಲಿ ಹಾಲ್ಟ್ ಇಳಿಸಿ. ಎಲ್‌ಟಿಸಿ, ಅಂದರೆ ಲೈನ್ ಗಡಿಯಾರ, ಆಫ್ ಇರಲಿ. ಅದು ಆನ್ ಇದ್ದರೆ ಸೆಕೆಂಡಿಗೆ 50 ಸಲ ಸಿಪಿಯುವನ್ನು ತಟ್ಟಿ ಎಬ್ಬಿಸುತ್ತದೆ, ಪರೀಕ್ಷೆ ಮಾಡುವಾಗ ಆ ಕಾಟ ಬೇಡ.

ಲ್ಯಾಪ್‌ಟಾಪಿನಲ್ಲಿ ಟರ್ಮಿನಲ್ ಪ್ರೋಗ್ರಾಮ್ ತೆರೆದು 9600 ವೇಗ, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಇಡಿ. ಯುಎಸ್‌ಬಿ ಸೀರಿಯಲ್ ಕೇಬಲ್ ನಿಜವಾದ ಆರ್‌ಎಸ್-232 ಮಟ್ಟದ್ದೇ ಇರಲಿ. ಆರ್ಡುಯಿನೋಗೆ ಬಳಸುವ 5 ವೋಲ್ಟಿನ ಪುಟಾಣಿ ಬೋರ್ಡ್ ಇಲ್ಲಿ ಸುಟ್ಟುಹೋಗುತ್ತದೆ. ಕಾರ್ಡಿನ ವೇಗ ವೈರ್‌ರ‍್ಯಾಪ್ ಜಂಪರ್‌ನಿಂದ ನಿಗದಿಯಾಗುತ್ತದೆ. ಅಕ್ಷರದ ಬದಲು ಕಸ ಬಂದರೆ ವೇಗ ತಪ್ಪಿದೆ ಎಂದರ್ಥ, ಕಾರ್ಡ್ ಜೀವಂತ ಇದೆ ಎಂದೂ ಅರ್ಥ.

ಆನ್ ಮಾಡಿದೆ. ಒಂದು ಆಕ್ಟಲ್ ಸಂಖ್ಯೆ, ಅದರ ಕೆಳಗೆ ‘@’. ಹಿಂದಿನ ಕೋಣೆಯಿಂದ ನಾನು ಕೂಗಿದ್ದು ಅಡುಗೆಮನೆಗೂ ಕೇಳಿಸಿತಂತೆ.

ಖುಷಿ ಐದು ನಿಮಿಷದ್ದು. ಅಕ್ಕನ ಮಗ ಕೀಬೋರ್ಡ್ ಕುಟ್ಟಿ ಕುಟ್ಟಿ ಹೇಳಿದ: “ಮಾಮಾ, ಇದು ಮಾತಾಡ್ಲಕತ್ತದ, ಆದ್ರ ನಾವು ಹೇಳಿದ್ದು ಕೇಳವಲ್ದು.”

ಅವನ ಮಾತಿನಲ್ಲೇ ದೋಷದ ವಿಳಾಸ ಇತ್ತು. ಕಳಿಸುವ ದಾರಿ ಸರಿ, ಕೇಳುವ ದಾರಿ ಕಟ್. ಡಿಎಲ್‌ವಿ11-ಜೆಯ 10 ಪಿನ್ನಿನ ಕನೆಕ್ಟರಿನಲ್ಲಿ 3ನೇ ಪಿನ್ ಕಳಿಸುತ್ತದೆ, 8ನೇ ಪಿನ್ ಕೇಳುತ್ತದೆ. ಆದರೆ ಕೇಳುವ ಚಿಪ್ ಒಂದು ತಂತಿಯನ್ನು ನೆಲಕ್ಕೆ ಹೋಲಿಸುವುದಿಲ್ಲ, ಎರಡು ತಂತಿಗಳನ್ನು ಒಂದಕ್ಕೊಂದು ಹೋಲಿಸುತ್ತದೆ. ಎರಡನೆಯ ತಂತಿ 7ನೇ ಪಿನ್, ರಿಸೀವ್ ಮೈನಸ್. ನಾನು ಮೂರು ತಂತಿಯ ಕೇಬಲ್ ಮಾಡಿ ಅದನ್ನು ಗಾಳಿಯಲ್ಲಿ ಬಿಟ್ಟಿದ್ದೆ. 7ನ್ನು ಗ್ರೌಂಡಿಗೆ (9ನೇ ಪಿನ್) ಸೇರಿಸಿದ ಕೂಡಲೇ ಕಿವಿ ಬಂತು. 10ನೇ ಪಿನ್ನಿನಲ್ಲಿ 12 ವೋಲ್ಟ್ ಇದೆ, ಅದರ ಹತ್ತಿರ ಹೋಗಬೇಡಿ. ನಾಲ್ಕು ಕನೆಕ್ಟರ್‌ಗಳಲ್ಲಿ ಕನ್ಸೋಲ್, ಅಂದರೆ ಟರ್ಮಿನಲ್ ಸೇರುವ ಲೈನ್, ಚಾನೆಲ್ 3, 0 ಅಲ್ಲ. ಇದನ್ನು ತಪ್ಪಿದವರು ಸುಮ್ನೆ ಸಿಪಿಯುವನ್ನು ಬೈಯುತ್ತಾ ಕೂರುತ್ತಾರೆ.

ಮೆಮೊರಿಯ ಎಂಟನೇ ಬಿಟ್

ಮೆಮೊರಿ ಕಾರ್ಡ್ ಹಾಕುವ ಮೊದಲು ಒಂದು ಎಚ್ಚರಿಕೆ. ಇದರಲ್ಲಿರುವುದು 4116 ಜಾತಿಯ ಚಿಪ್. ಅದಕ್ಕೆ 12, 5 ಮತ್ತು ಮೈನಸ್ 5, ಮೂರೂ ಬೇಕು. ಬ್ಯಾಕ್‌ಪ್ಲೇನ್ ಮೈನಸ್ 5 ಕೊಡುವುದಿಲ್ಲ, ಕಾರ್ಡೇ ಮಾಡಿಕೊಳ್ಳುತ್ತದೆ. ಆ ಮೈನಸ್ 5 ಇಲ್ಲದೆ 12 ಬಂದರೆ ಚಿಪ್‌ಗಳೇ ಹಾಳಾಗಬಹುದು. ಹಾಗಾಗಿ ಆನ್ ಮಾಡಿದ ಕೂಡಲೇ ಯಾವುದಾದರೂ ಒಂದು ಚಿಪ್ಪಿನ 1ನೇ ಪಿನ್ ಅಳೆಯಿರಿ, 16ನೇ ಪಿನ್ ಗ್ರೌಂಡ್. ಮೈನಸ್ 5 ಕಾಣದಿದ್ದರೆ ತಕ್ಷಣ ಆಫ್.

ಒಡಿಟಿಯಲ್ಲಿ 1000 ಬರೆದು ಓರೆಗೆರೆ ಒತ್ತಿದರೆ ಆ ವಿಳಾಸದಲ್ಲಿ ಏನಿದೆ ಎಂದು ತೋರಿಸುತ್ತದೆ. ಹೊಸ ಸಂಖ್ಯೆ ಬರೆದು ಎಂಟರ್ ಒತ್ತಿದರೆ ಬದಲಾಗುತ್ತದೆ. ಆ ವಿಳಾಸಕ್ಕೆ ಯಾರೂ ಉತ್ತರಿಸದಿದ್ದರೆ ‘?’ ಬರುತ್ತದೆ. ನಾನು 177777 ಬರೆದೆ, ಅಂದರೆ ಹದಿನಾರೂ ಬಿಟ್ 1. ಮತ್ತೆ ತೆರೆದರೆ 177377.

ಬಲದಿಂದ ಮೂರನೇ ಅಂಕಿ 7 ಇದ್ದದ್ದು 3 ಆಗಿದೆ. ಆ ಅಂಕಿಯಲ್ಲಿ 6, 7, 8ನೇ ಬಿಟ್‌ಗಳಿವೆ (ಬಿಟ್ ಎಣಿಸುವುದು ಬಲದಿಂದ, 0ಯಿಂದ ಶುರು). 7 ಎಂದರೆ 111, 3 ಎಂದರೆ 011. ಹೋದದ್ದು 8ನೇ ಬಿಟ್. ಆಕ್ಟಲ್ ಕಿರಿಕಿರಿ ಎನ್ನುವವರು ಈ ಒಂದು ಕೆಲಸಕ್ಕಾದರೂ ಅದನ್ನು ಮೆಚ್ಚಬೇಕು, ಕೆಟ್ಟ ಬಿಟ್ ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

8ನೇ ಬಿಟ್ ಸತ್ತಿದೆ, ಸರಿ. ಎಲ್ಲಿ? ಮೆಮೊರಿ ಚಿಪ್ಪಿನಲ್ಲೋ, ಕಾರ್ಡನ್ನು ಬಸ್ಸಿಗೆ (ಕಾರ್ಡ್‌ಗಳ ನಡುವಿನ ತಂತಿಗಳ ದಾರಿ) ಸೇರಿಸುವ ಚಿಪ್ಪಿನಲ್ಲೋ? ಐರನ್ ಬಿಸಿ ಮಾಡುವ ಮೊದಲು ಈ ಪ್ರಶ್ನೆ ಮುಗಿಸಿಕೊಳ್ಳಬೇಕು. ಈ ಕಾರ್ಡಿನಲ್ಲಿ 32 ಚಿಪ್ ಇವೆ, ಹದಿನಾರರ ಎರಡು ಸಾಲು. ಮೊದಲ ಸಾಲು 0ರಿಂದ 077776ರವರೆಗಿನ ವಿಳಾಸಕ್ಕೆ, ಎರಡನೆಯದು 100000ದಿಂದ ಮುಂದಕ್ಕೆ. ಎರಡೂ ಕಡೆ ಅದೇ ಬಿಟ್ ಹೋದರೆ ಬಸ್ಸಿನ ಚಿಪ್ ಮೇಲೆ ಅನುಮಾನ. ಒಂದೇ ಕಡೆ ಹೋದರೆ ಆ ಸಾಲಿನ ಒಂದೇ ಚಿಪ್. ನಾನು 100000ದಲ್ಲಿ 177777 ಬರೆದೆ, 177777 ಬಂತು. ಮುಗಿಯಿತು, ಮೊದಲ ಸಾಲಿನ ಒಂದು ಚಿಪ್. ಎಂತಹ ಸಮಾಧಾನ ಗೊತ್ತಾ? ಬಸ್ಸಿನ ಚಿಪ್ ಡಿಜಿಟಲ್ ಕಂಪನಿಯವರದೇ ವಿಶೇಷದ್ದು, ಹುಡುಕುವುದು ಕಷ್ಟ. 4116 ಅಂದಿನ ಕಾಲದ ಎಷ್ಟೋ ಯಂತ್ರಗಳಲ್ಲಿತ್ತು. ಹೈದರಾಬಾದಿನ ಕೋಠಿ, ಗುಜರಾತಿ ಗಲ್ಲಿಯ ಅಂಗಡಿಯೊಂದರ ಡಬ್ಬದಲ್ಲಿ ಸಿಕ್ಕಿತು. ನಾಲ್ಕು ತಂದೆ. 4164 ನೋಡಲು ಹಾಗೇ ಇರುತ್ತದೆ, ಅದರ 8ನೇ ಪಿನ್ನಿಗೆ 5 ವೋಲ್ಟ್ ಬೇಕು, ಇಲ್ಲಿ ಅಲ್ಲಿ 12 ಇದೆ. ಹಾಕಬೇಡಿ.

ಹಳೆಯ ಚಿಪ್ಪನ್ನು ಉಳಿಸಲು ಹೋಗಬೇಡಿ. ಕಾಲುಗಳನ್ನು ಕತ್ತರಿಸಿ, ಒಂದೊಂದೇ ಕಾಲನ್ನು ಬಿಸಿ ಮಾಡಿ ಎಳೆಯಿರಿ. ಕಾರ್ಡಿನ ತಾಮ್ರದ ಗೆರೆ ಚಿಪ್ಪಿಗಿಂತ ಬೆಲೆಬಾಳುತ್ತದೆ. ಸಾಕೆಟ್ ಕೂರಿಸಿ ಹೊಸದನ್ನು ಹಾಕಿ.

ನನ್ನ ಇನ್ನೊಂದು ಪೆದ್ದುತನ ಹೇಳಿಬಿಡುತ್ತೇನೆ. ಮೆಮೊರಿ ಪರೀಕ್ಷಿಸುವ ಮೊದಲೇ ಒಂದು ಸಣ್ಣ ಪ್ರೋಗ್ರಾಮ್ ಹಾಕಿ ಓಡಿಸಿದ್ದೆ. ಅದರ ಮೊದಲ ಪದ 105737, ‘ಈ ಬೈಟನ್ನು ನೋಡು’ ಎಂಬ ಆದೇಶ. 8ನೇ ಬಿಟ್ ಹೋಗಿ ಅದು 105337 ಆಯಿತು, ಅಂದರೆ ‘ಈ ಬೈಟಿನಿಂದ ಒಂದು ಕಳೆ’. ಸುಮ್ನೆ ನೋಡು ಎಂದರೆ ಕದಿಯುವ ಸಿಪಿಯು ಎಂದುಕೊಂಡು ಎರಡು ದಿನ ಅದರ ಮೇಲೆ ಕಣ್ಣಿಟ್ಟಿದ್ದೆ.

ಚಿಪ್ ಬದಲಾದ ಮೇಲೆ ಆ ಪ್ರೋಗ್ರಾಮ್ ಇದು. 1000ದಿಂದ ಸಾಲಾಗಿ ಹಾಕಿ: 105737, 177564, 100375, 012737, 000101, 177566, 000771. ಕನ್ಸೋಲ್ ಬಿಡುವಾಗಿದೆಯೇ ನೋಡುತ್ತದೆ, ಇಂಗ್ಲಿಷಿನ ‘ಎ’ ಅಕ್ಷರ ಕಳಿಸುತ್ತದೆ, ಮತ್ತೆ ಮೊದಲಿಗೆ ಹೋಗುತ್ತದೆ. ಹಾಲ್ಟ್ ಸ್ವಿಚ್ಚನ್ನು ಮೇಲಕ್ಕೆ ಎತ್ತಿ, 1000 ಬರೆದು ‘ಜಿ’ ಒತ್ತಿ. ಎತ್ತಲು ಮರೆತರೆ ಓಡದೆ ‘@’ಗೇ ವಾಪಸ್ ಬರುತ್ತದೆ. ಇನ್ನೊಂದು ಗೊಂದಲ: ಪ್ರೋಗ್ರಾಮಿನಲ್ಲಿ 177564 ಎಂದಿರುವ ವಿಳಾಸವನ್ನು ಒಡಿಟಿಯಿಂದ ನೋಡುವಾಗ 777564 ಎಂದು ಬರೆಯಬೇಕು. ಒಡಿಟಿ 18 ಬಿಟ್ ವಿಳಾಸ ಕೇಳುತ್ತದೆ.

ಪರದೆ ತುಂಬ ‘ಎ’ ಹರಿದವು. ರನ್ ದೀಪ ಗಟ್ಟಿಯಾಗಿ ಹತ್ತಿತು.

ಮಧ್ಯಾಹ್ನದ ದೋಷ

ಬೆಳಿಗ್ಗೆ ಗಂಟೆಗಟ್ಟಲೆ ಓಡುವ ಯಂತ್ರ ಮಧ್ಯಾಹ್ನ ನಿಲ್ಲತೊಡಗಿತು. ಏಪ್ರಿಲ್ ಕೊನೆ, ಹೊರಗೆ ಬೆಂಕಿಯಂಥ ಬಿಸಿಲು. ಬಿಸಿಗೆ ಯಾವುದೋ ಚಿಪ್ ಸೋಲುತ್ತಿದೆ ಎಂದು ಯಾರಾದರೂ ಹೇಳುತ್ತಾರೆ, ನಾನೂ ಹೇಳಿದೆ. ಕೂಲರ್ ತಂದು ಎದುರಿಗೆ ಇಟ್ಟೆ. ಕೂಲರಿನ ತೇವ ಯಂತ್ರಕ್ಕೆ ಒಳ್ಳೆಯದಲ್ಲ, ಆದರೂ ಇಟ್ಟೆ. ಮತ್ತೆ ನಿಂತಿತು. ನಿಂತಾಗೆಲ್ಲ ಪರದೆಯಲ್ಲಿ 000002 ಮತ್ತು ‘@’.

ಇದು ಏನನ್ನೂ ಹೇಳುವುದಿಲ್ಲ. ಪಿಡಿಪಿ-11ರಲ್ಲಿ ಏನಾದರೂ ಅನಾಹುತವಾದರೆ ಸಿಪಿಯು ಕೆಳಗಿನ ಮೆಮೊರಿಯ ಒಂದು ನಿಗದಿತ ಮನೆಗೆ ಹೋಗಿ ‘ಮುಂದೇನು?’ ಎಂದು ಕೇಳುತ್ತದೆ. ಉತ್ತರ ಕೊಡದ ವಿಳಾಸಕ್ಕೆ 4, ಪವರ್ ಹೋಗುತ್ತಿದ್ದರೆ 24, ಲೈನ್ ಗಡಿಯಾರಕ್ಕೆ 100. ನನ್ನ ಮೆಮೊರಿಯಲ್ಲಿ ಎಲ್ಲ ಮನೆಯಲ್ಲೂ ಸೊನ್ನೆ. ಹಾಗಾಗಿ ಯಾವ ಅನಾಹುತವಾದರೂ ವಿಳಾಸ 0ಕ್ಕೆ ಹೋಗಿ, ಅಲ್ಲಿನ ಸೊನ್ನೆ ‘ನಿಲ್ಲು’ ಎಂಬ ಆದೇಶವೇ ಆದ್ದರಿಂದ ನಿಂತು, ಮುಂದಿನ ಆದೇಶದ ವಿಳಾಸ 000002 ಎನ್ನುತ್ತದೆ.

ಹಳೆಯವರ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿ ಮನೆಯಲ್ಲೂ ಅದರ ಪಕ್ಕದ ಮನೆಯ ವಿಳಾಸ ಬರೆಯಿರಿ, ಪಕ್ಕದಲ್ಲಿ ಸೊನ್ನೆ ಇಡಿ. 4ರಲ್ಲಿ 6, 6ರಲ್ಲಿ 0. 24ರಲ್ಲಿ 26, 26ರಲ್ಲಿ 0. 100ರಲ್ಲಿ 102, 102ರಲ್ಲಿ 0. ಆರ್6 ಎಂಬ ರಿಜಿಸ್ಟರಿಗೆ 1000 ಕೊಡಿ, ಸಿಪಿಯು ತನ್ನ ಸಾಮಾನು ಇಳಿಸಲು ಜಾಗ ಬೇಕಲ್ಲ. ಈಗ ನಿಂತರೆ ಪ್ರತಿ ಕಾರಣಕ್ಕೂ ಬೇರೆ ಸಂಖ್ಯೆ ಬರುತ್ತದೆ: 000010, 000030, 000104.

ಮಾರನೇ ದಿನ 2 ಗಂಟೆ 40 ನಿಮಿಷಕ್ಕೆ ಬಂದದ್ದು 000030.

ಪವರ್! ಬಿಪಿಒಕೆ ಬಿದ್ದಿದೆ. ಬಿಸಿಲಿಗೂ ಚಿಪ್ಪಿಗೂ ಸಂಬಂಧವೇ ಇಲ್ಲ. ಗೋಡೆಯ ಸಾಕೆಟ್ಟಿಗೆ ಮೀಟರ್ ಹಾಕಿ ಕೂತೆ. 205 ವೋಲ್ಟ್ ಇದ್ದದ್ದು ಒಂದು ಕ್ಷಣ 170ಕ್ಕೆ ಕುಸಿದು ಮೇಲೆದ್ದಿತು. ಅದೇ ಗಳಿಗೆಗೆ ಪಕ್ಕದ ಮನೆಯ ಬೋರ್‌ವೆಲ್ ಮೋಟರ್ ಗುರ್ ಎಂದಿತು. ನೀರಿಗೆ ಮಧ್ಯಾಹ್ನವೇ ತೀರಾ ಬೇಡಿಕೆ, ಕರೆಂಟಿಗೂ ಅದೇ ಹೊತ್ತು. ಪಕ್ಕದ ಮನೆಯ ಕಾಕಾಗೆ ಹೇಳಿದೆ. “ಅಲ್ಲಪಾ, ನಾ ನೀರ್ ಹೊಡದ್ರ ನಿನ್ನ ಗಣಕಯಂತ್ರ ಯಾಕ ಸಾಯ್ತದ?” ಎಂದು ನಕ್ಕರು. ಸೈನ್ ವೇವ್ ಆನ್‌ಲೈನ್ ಯುಪಿಎಸ್ ಒಂದು ಸೆಕೆಂಡ್ ಹ್ಯಾಂಡ್ ಹಿಡಿದೆ. ಸಾಮಾನ್ಯ ರಿಲೇ ಸ್ಟೆಬಿಲೈಜರ್ ಸಾಲದು. ಅದು ಟಕ್ ಎಂದು ಬದಲಾಯಿಸುವ ಆ ಗಳಿಗೆಯೇ ಈ ಯಂತ್ರಕ್ಕೆ ಮತ್ತೊಂದು ಪೆಟ್ಟು. ಕೂಲರ್ ವಾಪಸ್ ಹಾಲಿಗೆ ಹೋಯಿತು.

ಕೊನೆಯ ತಗಾದೆ

ಡಿಸ್ಕ್ ಇಲ್ಲದ್ದರಿಂದ ಲ್ಯಾಪ್‌ಟಾಪನ್ನೇ ಟಿಯು58 ಟೇಪ್ ಡ್ರೈವಿನಂತೆ ನಟಿಸುವ ಪ್ರೋಗ್ರಾಮ್ ಹಾಕಿ, ಇನ್ನೊಂದು ಸೀರಿಯಲ್ ಚಾನೆಲಿನಿಂದ ಆರ್‌ಟಿ-11 ಎಂಬ ಆಪರೇಟಿಂಗ್ ಸಿಸ್ಟಮ್ ಬೂಟ್ ಮಾಡಲು ನೋಡಿದೆ. ಶುರುವಾಗಿ ಗಪ್ಪನೆ ನಿಂತಿತು. ಒಡಿಟಿ ಸರಿ, ಮೆಮೊರಿ ಸರಿ, ‘ಎ’ ಪ್ರೋಗ್ರಾಮ್ ಸರಿ.

ಸ್ಲಾಟ್ ಎಣಿಸಿ. ಈ ಬ್ಯಾಕ್‌ಪ್ಲೇನಿನಲ್ಲಿ ಇಂಟರಪ್ಟಿಗೆ (ಕಾರ್ಡ್ ತಾನೇ ಸಿಪಿಯುವನ್ನು ತಟ್ಟಿ ಕರೆಯುವುದು) ಸಿಗುವ ಒಪ್ಪಿಗೆ ಒಂದು ಕಾರ್ಡಿನಿಂದ ಮುಂದಿನ ಕಾರ್ಡಿಗೆ ಕೈಯಿಂದ ಕೈಗೆ ದಾಟುತ್ತದೆ. ದಾರಿ ಹಾವಿನಂತೆ: ಮೊದಲ ಸಾಲಿನ ಎಡ, ಬಲ, ಆಮೇಲೆ ಎರಡನೇ ಸಾಲಿನ ಬಲ, ಎಡ. ನಾನು ಓದುವ ಅಭ್ಯಾಸದಂತೆ ಸೀರಿಯಲ್ ಕಾರ್ಡನ್ನು ಎರಡನೇ ಸಾಲಿನ ಎಡಕ್ಕೆ ಹಾಕಿದ್ದೆ. ಅದಕ್ಕೂ ಮೊದಲು ಒಂದು ಸ್ಲಾಟ್ ಖಾಲಿ, ಸರಪಳಿ ಅಲ್ಲೇ ತುಂಡು. ಒಡಿಟಿ ಮತ್ತು ನನ್ನ ಪುಟ್ಟ ಪ್ರೋಗ್ರಾಮ್ ಕನ್ಸೋಲನ್ನು ತಾವೇ ಹೋಗಿ ಕೇಳುತ್ತವೆ, ಅವಕ್ಕೆ ಇಂಟರಪ್ಟ್ ಬೇಡ. ಆರ್‌ಟಿ-11ಗೆ ಬೇಕು. ಅದಕ್ಕೇ ಈ ತಪ್ಪು ಕೊನೆಯ ತನಕ ಅಡಗಿ ಕೂತಿತ್ತು.

ಆಫ್ ಮಾಡಿ, ಕಾರ್ಡನ್ನು ಬಲಕ್ಕೆ ಸರಿಸಿ, ಮತ್ತೆ ಆನ್ ಮಾಡಿದೆ. ಸೀರಿಯಲ್ ಟೇಪಿನ ವೇಗ ನಿಧಾನ. ಚಹಾ ಮುಗಿಯುವ ಹೊತ್ತಿಗೆ ಎಡತುದಿಯಲ್ಲಿ ಆರ್‌ಟಿ-11ರ ಚುಕ್ಕೆ ಬಂದು ಕೂತಿತ್ತು, ಆದೇಶಕ್ಕೆ ಕಾಯುತ್ತಾ. ಪಕ್ಕದ ಮನೆಯಲ್ಲಿ ಮೋಟರ್ ಓಡುತ್ತಲೇ ಇತ್ತು.